ನೆಲಮಾಳಿಗೆಯ ಸನ್ಯಾಸಿ ಪೆರಿನ್ಯೋನ್

ಕ್ರಿಸ್ತ ಜಯಂತಿ ಸಮೀಪಿಸಿದಂತೆ ಕ್ಯಾಸಂಬಳ್ಳಿ, ಬಂಗಾರಪೇಟೆ ಹಾಗೂ ಚಿನ್ನದ ಗಣಿ ಪ್ರದೇಶದ ಅನೇಕ ಕಥೋಲಿಕ ಮನೆಗಳಲ್ಲಿ ಭರಣಿಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಈಸ್ಟ್ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಮೂರು ವಾರ ಕಾಯುವ ಪದ್ಧತಿ ನಮ್ಮ ಹಿರಿಯರಿಂದ ಬಂದುದು. ಅದೇ ಬೀದಿಯಲ್ಲಿ ಕುಡಿತದಿಂದ ಮುರಿದುಬಿದ್ದ ಸಂಸಾರಗಳೂ ಉಂಟು. ಒಂದು ಮನೆಗೆ ಹಬ್ಬವಾದದ್ದು ಇನ್ನೊಂದು ಮನೆಗೆ ಶಾಪವಾಗುವುದೇಕೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ದ್ರಾಕ್ಷಾರಸದ ಲೋಕದಲ್ಲಿ ಅಳಿಯದ ಹೆಸರು ಪಡೆದ ಒಬ್ಬ ಸನ್ಯಾಸಿಯ ಜೀವನವನ್ನು ಈ ವಾರ ಅವಲೋಕಿಸೋಣ.

ಪಿಯರ್ ಪೆರಿನ್ಯೋನ್ ಹುಟ್ಟಿದ್ದು 1638ರಲ್ಲಿ, ಫ್ರಾನ್ಸ್ ದೇಶದ ಶಾಂಪೇನ್ ಸೀಮೆಯ ಸೆಂಟ್ ಮೆನೂ ಎಂಬ ಪಟ್ಟಣದಲ್ಲಿ. ದೊರೆ ಹದಿನಾಲ್ಕನೆಯ ಲೂಯಿ ಹುಟ್ಟಿದ್ದೂ ಅದೇ ವರ್ಷ. ಪೆರಿನ್ಯೋನರ ತಂದೆ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದರು. ಕುಟುಂಬಕ್ಕೆ ದ್ರಾಕ್ಷಿ ತೋಟಗಳಿದ್ದವು. ಬಾಲಕ ಯೇಸುಸಭೆಯ ಗುರುಗಳ ಬಳಿ ವಿದ್ಯೆ ಕಲಿತು, ಹದಿನೆಂಟರ ಹರೆಯದ ಆಸುಪಾಸಿನಲ್ಲಿ ವೆರ್ಡನ್ ನಗರದ ಬೆನೆಡಿಕ್ಟನ್ ಮಠವನ್ನು ಸೇರಿದರು. 1668ರಲ್ಲಿ ಅವರನ್ನು ಓವಿಲೇರ್ ಮಠಕ್ಕೆ ಉಗ್ರಾಣಾಧಿಕಾರಿಯಾಗಿ ಕಳುಹಿಸಲಾಯಿತು. ಮಠದ ಲೆಕ್ಕಪತ್ರ, ದವಸಧಾನ್ಯ, ಜಮೀನು, ದ್ರಾಕ್ಷಾರಸ ಎಲ್ಲವೂ ಅವರ ಹೊಣೆ. ಮುಂದಿನ ನಲವತ್ತೇಳು ವರ್ಷ, ಸಾಯುವವರೆಗೂ, ಅವರು ಅದೇ ಸೇವೆಯಲ್ಲಿದ್ದರು.

ಸಂತ ಬೆನೆಡಿಕ್ಟರ ನಿಯಮವು ಸನ್ಯಾಸಿಗೆ ದಿನಕ್ಕೊಂದು ಮಿತವಾದ ಅಳತೆಯ ದ್ರಾಕ್ಷಾರಸವನ್ನು ಅನುಮತಿಸುತ್ತದೆ. ಮಠಗಳಿಗೆ ಬಲಿಪೂಜೆಗೂ ಅದು ಬೇಕು. ಉಳಿದುದನ್ನು ಮಾರಿದರೆ ಮಠದ ಖರ್ಚು ಸಾಗುತ್ತದೆ. ಆದುದರಿಂದ ಅದನ್ನು ಕೆಡದಂತೆ ಮಾಡುವುದು ಧರ್ಮದ ಕೆಲಸವೇ ಆಗಿತ್ತು.

ಅವರ ವಿಧಾನವನ್ನು ಅವರ ಶಿಷ್ಯರಾದ ಸಹೋದರ ಪಿಯರ್ ಬರೆದಿಟ್ಟಿದ್ದಾರೆ. ಬಳ್ಳಿಯನ್ನು ಚೆನ್ನಾಗಿ ಕತ್ತರಿಸಿ ಇಳುವರಿಯನ್ನು ಕಡಿಮೆ ಮಾಡಬೇಕು. ಬೆಳಗಿನ ತಂಪಿನಲ್ಲಿ ಕೊಯ್ಲು ಮಾಡಬೇಕು. ಒಡೆದ, ಜಜ್ಜಿದ ಹಣ್ಣನ್ನು ಹೊರಗೆ ಹಾಕಬೇಕು. ಹೊರುವುದಕ್ಕೆ ಕುದುರೆಗಿಂತ ಶಾಂತ ಸ್ವಭಾವದ ಹೇಸರಗತ್ತೆ, ಕತ್ತೆಗಳೇ ಲೇಸು. ಕಾಲಿನಿಂದ ತುಳಿಯದೆ ಬೇಗನೆ, ಹಗುರವಾಗಿ ಹಿಂಡಿದರೆ ಕಪ್ಪು ದ್ರಾಕ್ಷಿಯಿಂದಲೂ ಬಿಳಿಯ ರಸ ದೊರೆಯುತ್ತದೆ. ಏಕೆಂದರೆ ಬಣ್ಣವಿರುವುದು ಸಿಪ್ಪೆಯಲ್ಲಿ. ಬೇರೆ ಬೇರೆ ಇಳಿಜಾರುಗಳ ಹಣ್ಣುಗಳನ್ನು ಹಿಂಡುವ ಮೊದಲೇ ರುಚಿ ನೋಡಿ, ಒಂದರ ಹುಳಿಗೆ ಇನ್ನೊಂದರ ಸಿಹಿ ಸೇರುವಂತೆ ಜೋಡಿಸುವುದು ಅವರ ವಿಶೇಷ ಜ್ಞಾನವಾಗಿತ್ತು. ಒಂದೊಂದು ಮಣ್ಣಿಗೂ ಒಂದೊಂದು ರುಚಿಯಿದೆಯೆಂದು ಅವರ ನಾಲಗೆ ಬಲ್ಲದಾಗಿತ್ತು.

ನೊರೆಯುಕ್ಕುವ ಶಾಂಪೇನನ್ನು ಕಂಡುಹಿಡಿದವರು ಇವರೇ ಎಂಬ ಮಾತು ಲೋಕಪ್ರಸಿದ್ಧ. ಅದು ನಿಜವಲ್ಲ. ಈ ಕಥೆ ಹಬ್ಬಿದ್ದು 1821ರಲ್ಲಿ, ಮುಚ್ಚಿಹೋದ ಅದೇ ಮಠದ ಹಿಂದಿನ ಸನ್ಯಾಸಿ ಗ್ರೊಸಾರರು ಬರೆದ ಪತ್ರದಿಂದ. ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ ಎಂಬ ವಿದ್ವಾಂಸರು ಸಕ್ಕರೆ ಬೆರೆಸಿ ದ್ರಾಕ್ಷಾರಸದಲ್ಲಿ ನೊರೆ ತರಿಸುವುದನ್ನು 1662ರಲ್ಲೇ ವಿವರಿಸಿದ್ದರು. ಆಗ ಪೆರಿನ್ಯೋನರು ಓವಿಲೇರ್ ಮಠಕ್ಕೆ ಬಂದೇ ಇರಲಿಲ್ಲ. ವಾಸ್ತವವಾಗಿ ಅವರಿಗೆ ನೊರೆ ಒಂದು ದೋಷವಾಗಿತ್ತು. ಚಳಿಗಾಲದಲ್ಲಿ ಹುದುಗುವಿಕೆ ಅರ್ಧಕ್ಕೆ ನಿಂತು, ವಸಂತದಲ್ಲಿ ಸೀಸೆಯೊಳಗೆ ಮತ್ತೆ ಆರಂಭವಾಗುತ್ತಿತ್ತು. ಹೊರಹೋಗಲಾರದ ಅನಿಲದ ಒತ್ತಡಕ್ಕೆ ಸೀಸೆಗಳು ಸಿಡಿಯುತ್ತಿದ್ದವು. ನಮ್ಮ ಮನೆಗಳಲ್ಲಿಯೂ ಹುದುಗು ಪೂರ್ತಿ ನಿಲ್ಲುವ ಮೊದಲೇ ಸೀಸೆಗೆ ತುಂಬಿ ಬಿರಡೆ ಬಿಗಿದರೆ ಸಂಭವಿಸುವುದು ಇದೇ. ಭರಣಿಗೆ ಬಟ್ಟೆಯನ್ನೇ ಕಟ್ಟುವುದರಲ್ಲಿ ನಮ್ಮ ಅಜ್ಜಿಯರ ವಿವೇಕವಿದೆ.

ಸೆಂಟ್ ಮೆನೂ ಪಟ್ಟಣ ಇಂದಿಗೂ ಹಂದಿಯ ಕಾಲಿನ ಅಡಿಗೆಗೆ ಹೆಸರಾಗಿದೆ. ಕೊಬ್ಬಿನ ಅಡಿಗೆಯ ಜೊತೆ ಹುಳಿ ಮುಂದಾದ ಬಿಳಿ ದ್ರಾಕ್ಷಾರಸ ಹೊಂದುತ್ತದೆ. ಹುಳಿಯು ನಾಲಗೆಯ ಜಿಡ್ಡನ್ನು ತೊಳೆಯುತ್ತದೆ. ನಾವು ಹಂದಿಮಾಂಸದ ಸಾರಿಗೆ ವಿನಿಗರ್ ಸೇರಿಸುವುದೂ ಇದೇ ತತ್ತ್ವದಿಂದ. ನಮ್ಮ ಸಿಹಿಯಾದ ಮನೆಯ ದ್ರಾಕ್ಷಾರಸವಾದರೋ ಊಟದೊಡನೆ ಸೇರದು. ಕೇಕು, ಕಲ್‌ಕಲ್‌ಗಳೊಡನೆ ಸಣ್ಣ ಲೋಟದಲ್ಲಿ ಅದಕ್ಕೆ ಶೋಭೆ. ಬಲಿಪೂಜೆಗೆ ಮಾತ್ರ ಅದು ಸಲ್ಲದು. ಶುದ್ಧ ದ್ರಾಕ್ಷಿಯಿಂದಲೇ ಆದ, ಕೆಡದ ರಸವನ್ನೇ ಧರ್ಮಸಭೆಯ ಕಾನೂನು ಕೇಳುತ್ತದೆ.

ನಮ್ಮ ಕೆಂಪು ಮಣ್ಣೂ ದ್ರಾಕ್ಷಿಗೆ ಹೊಸದಲ್ಲ. ಬೆಂಗಳೂರು ಸುತ್ತಣ ಜಿಲ್ಲೆಗಳ 'ಬೆಂಗಳೂರು ನೀಲಿ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. 1980ರ ದಶಕದಲ್ಲಿ ನಂದಿಬೆಟ್ಟದ ತಪ್ಪಲಿನ ತೋಟಗಳಿಗೆ ಸಲಹೆ ನೀಡಲು ಬಂದ ಜಾರ್ಜ್ ವೆಸೆಲ್ ಎಂಬ ತಜ್ಞರು ಪೆರಿನ್ಯೋನರ ಶಾಂಪೇನ್ ಸೀಮೆಯವರೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಂತ ತೋಮಸ್ ಅಕ್ವಿನಾಸರ ವಿಚಾರದಂತೆ ದ್ರಾಕ್ಷಾರಸ ಸ್ವತಃ ಪಾಪವಲ್ಲ. ಕುಡಿಯುವವನ ಸ್ಥಿತಿ, ಪ್ರಮಾಣ, ಪರರಿಗಾಗುವ ಕೇಡು ಅದನ್ನು ಪಾಪವಾಗಿಸುತ್ತವೆ. ಹಾಗಾದರೆ ತನ್ನನ್ನು ತಡೆದುಕೊಳ್ಳಲಾರದವನಿಗೆ ಒಂದು ಹನಿಯೂ ಬೇಡವೆಂಬುದು ಅದೇ ವಿಚಾರದ ಇನ್ನೊಂದು ಮುಖ. ಅಂಥವರಿರುವ ಮನೆಯಲ್ಲಿ ಹಬ್ಬದ ದಿನವೂ ಭರಣಿ ಅಟ್ಟದಲ್ಲಿಯೇ ಇರಲಿ. ಅದು ಹಬ್ಬಕ್ಕೆ ಕೊರತೆಯಲ್ಲ, ಪ್ರೀತಿಯ ಕಾಣಿಕೆ. ಆ ಮನೆಗೆ ಅತಿಥಿಗಳಾಗಿ ಹೋಗುವವರೂ ಒತ್ತಾಯ ಮಾಡದಿರಲಿ. ರುಚಿ ಬಲ್ಲವನು ನಿಧಾನಿಸುತ್ತಾನೆ, ಕಾಯುತ್ತಾನೆ, ಸಾಕೆನ್ನುತ್ತಾನೆ. ಅಮಲಿಗಾಗಿ ಕುಡಿಯುವವನಿಗೆ ರುಚಿಯೇ ಇಲ್ಲ.

ಪೆರಿನ್ಯೋನರು 1715ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅದೇ ತಿಂಗಳ ಮೊದಲ ದಿನ ದೊರೆ ಲೂಯಿಯೂ ಮಡಿದಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಒಂದು ಶ್ರೀಮಂತ ಮದ್ಯಕ್ಕೆ ಈ ಸನ್ಯಾಸಿಯ ಹೆಸರಿಟ್ಟರು. ಬಡತನದ ವ್ರತ ತೊಟ್ಟಿದ್ದವರಿಗೆ ಅದೊಂದು ವಿಚಿತ್ರ ಸ್ಮಾರಕ. ಅವರ ನಿಜವಾದ ಗುರುತು ಓವಿಲೇರ್ ದೇವಾಲಯದ ನೆಲಗಲ್ಲಿನಲ್ಲಿದೆ. ಮಠಾಧಿಪತಿಗಳಿಗೆ ಸಲ್ಲುವ ಆ ಸ್ಥಳದಲ್ಲಿ, ಉಗ್ರಾಣ ನೋಡಿಕೊಂಡ ಸಹೋದರನಿಗೂ ಜಾಗ ಕೊಟ್ಟರು.