ಮೆಟ್ರಿಕ್ ದಾಟದ ನಮ್ಮ ಗುಂಡಪ್ಪನವರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮೇಷ್ಟ್ರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಬೆಳಗಿನ ಪ್ರಾರ್ಥನೆ. ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಬ್ಬರು ಮುಂದೆ ಬಂದು ಕಗ್ಗದ ಒಂದು ಪದ್ಯ ಓದಿ ಅರ್ಥ ಹೇಳಬೇಕಿತ್ತು. ಅದನ್ನು ಬರೆದ ಡಿ.ವಿ.ಜಿ. ನಮ್ಮ ಮುಳಬಾಗಿಲಿನವರೇ ಎಂದು ಹೇಳುವಾಗ ಕನ್ನಡ ಮೇಷ್ಟ್ರ ದನಿಯೇ ಬದಲಾಗುತ್ತಿತ್ತು. ಆದರೆ ಅವರು ಮೆಟ್ರಿಕ್ಯುಲೇಷನ್ ಪಾಸಾಗಿರಲಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಹತ್ತನೇ ತರಗತಿಯಲ್ಲೇ ಅದು ಗೊತ್ತಿದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಅದಕ್ಕೇ ಅವರ ಬದುಕಿನ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಲೋಯರ್ ಸೆಕೆಂಡರಿವರೆಗೆ ಊರಿನಲ್ಲೇ ಓದಿದರು. ಮುಂದಿನ ಓದಿಗೆ ಊರು ಬಿಡಬೇಕಾಯಿತು. ಸ್ವಲ್ಪ ಕಾಲ ಮೈಸೂರಿನ ಮಹಾರಾಜಾ ಹೈಸ್ಕೂಲಿನಲ್ಲಿ, ಆಮೇಲೆ ಕೋಲಾರದಲ್ಲಿ ಓದಿದರು. ಅಂದಿನ ಮೆಟ್ರಿಕ್ ಎಂದರೆ ಇಂದಿನ ಎಸ್.ಎಸ್.ಎಲ್.ಸಿ. ಇದ್ದ ಹಾಗೆ. ಅದನ್ನು ದಾಟಿದವರಿಗೆ ಕಾಲೇಜು, ಸರ್ಕಾರಿ ನೌಕರಿ. ಗುಂಡಪ್ಪನವರಿಗೆ ಅದನ್ನು ದಾಟಲು ಆಗಲೇ ಇಲ್ಲ.

ಆಮೇಲೆ ಅವರು ಪಟ್ಟ ಪಾಡು ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಪಟ್ಟ ಪಾಡೇ. ಕೆಲವು ದಿನ ಮುಳಬಾಗಿಲಿನ ಶಾಲೆಯಲ್ಲಿ ಬದಲಿ ಮೇಷ್ಟ್ರಾಗಿ ಪಾಠ ಹೇಳಿದರು. ಕೋಲಾರ ಚಿನ್ನದ ಗಣಿ ಪ್ರದೇಶದ ಒಂದು ಸೋಡಾ ಕಾರ್ಖಾನೆಯಲ್ಲಿ ಗುಮಾಸ್ತರಾದರು. ಅಲ್ಲೂ ನಿಲ್ಲದೆ ಬೆಂಗಳೂರಿಗೆ ಹೋಗಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಕೆಲಸಕ್ಕೆ ಸೇರಿದರು. ಆಗ ಅವರಿಗೆ ಇಪ್ಪತ್ತು ವರ್ಷದ ಆಸುಪಾಸು.

ಕೊನೆಗೆ ಅವರ ಕೈ ಹಿಡಿದದ್ದು ಪತ್ರಿಕೆ. ಮೊದಲು ಬೇರೆಯವರ ಪತ್ರಿಕೆಗಳಿಗೆ ಬರೆದರು. 1913ರಲ್ಲಿ ತಾವೇ ‘ಕರ್ನಾಟಕ’ ಎಂಬ ಪತ್ರಿಕೆ ಶುರು ಮಾಡಿದರು. ವಾರಕ್ಕೆ ಎರಡು ಬಾರಿ ಬರುತ್ತಿದ್ದ ಆ ಪತ್ರಿಕೆ ಇಂಗ್ಲಿಷಿನದು. ಮೆಟ್ರಿಕ್ ದಾಟದ ಮುಳಬಾಗಿಲಿನ ಹುಡುಗ ಇಂಗ್ಲಿಷಿನಲ್ಲಿ ಸಂಪಾದಕೀಯ ಬರೆದು ಮೈಸೂರು ಸರ್ಕಾರದ ಆಡಳಿತವನ್ನು ವಿಮರ್ಶಿಸುವಷ್ಟು ಬೆಳೆದಿದ್ದರು. ಇದೆಲ್ಲ ಶಾಲೆ ಬಿಟ್ಟ ಮೇಲೂ ಓದು ಬಿಡದೆ ಇದ್ದುದರ ಫಲ. ಸಂಸ್ಕೃತವನ್ನು ವಿದ್ವಾಂಸರ ಬಳಿ ಕೂತು ಕಲಿತರು. ರಾಜ್ಯಶಾಸ್ತ್ರ, ಕಾವ್ಯ, ವೇದಾಂತವನ್ನು ತಾವಾಗಿ ಓದಿಕೊಂಡರು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮೈಸೂರು ಶಾಸನ ಸಭೆಯಲ್ಲೂ ಕೂತರು.

ಹೆಸರು ಬಂತೆಂದು ಮನೆಯ ಕಷ್ಟ ತಪ್ಪಲಿಲ್ಲ. ಪತ್ರಿಕೆಯಿಂದ ದುಡ್ಡು ಕಾಣಲಿಲ್ಲ. 1924ರಲ್ಲಿ ಪತ್ನಿ ಭಾಗೀರಥಮ್ಮನವರು ತೀರಿಕೊಂಡಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ಮತ್ತೆ ಮದುವೆಯಾಗದೆ ಮಕ್ಕಳನ್ನು ಬೆಳೆಸಿದರು. ಮಗ ಬಿ.ಜಿ.ಎಲ್. ಸ್ವಾಮಿ ದೊಡ್ಡ ಸಸ್ಯವಿಜ್ಞಾನಿಯಾದರು, ಕನ್ನಡದ ದೊಡ್ಡ ಲೇಖಕರೂ ಆದರು. ‘ಮಂಕುತಿಮ್ಮನ ಕಗ್ಗ’ ಬಂದದ್ದು 1943ರಲ್ಲಿ. ಅದರಲ್ಲಿ 945 ಪದ್ಯಗಳಿವೆ. ಸೋಲು, ಸಾವು, ಬಡತನ ಎಲ್ಲವನ್ನೂ ಕಂಡ ಮೇಲೆ ಬರೆದದ್ದು ಎಂದು ತಿಳಿದು ಓದಿದಾಗ, ಪ್ರಾರ್ಥನೆಯ ಸಾಲಿನಲ್ಲಿ ನಿಂತು ಬಾಯಿಪಾಠ ಒಪ್ಪಿಸಿದ ಪದ್ಯಗಳೇ ನನಗೆ ಬೇರೆಯಾಗಿ ಕಂಡವು.

1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಕೊನೆಯವರೆಗೂ ಅಲ್ಲಿ ಓದುವವರ ಜೊತೆ ಕೂತು ಪಾಠ, ಚರ್ಚೆ ನಡೆಸಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಭಗವದ್ಗೀತೆಯ ಬಗ್ಗೆ ಬರೆದ ಪುಸ್ತಕಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1974ರಲ್ಲಿ ಪದ್ಮಭೂಷಣ. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಇದನ್ನು ಓದಿ ಪರೀಕ್ಷೆಯೇ ಬೇಡ ಎಂದು ಈಗಿನ ಮಕ್ಕಳು ತಿಳಿಯಬಾರದು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಡಿ.ವಿ.ಜಿ.ಯವರಿಗಿಂತ ನಾಲ್ಕು ವರ್ಷ ಚಿಕ್ಕವರು. ಅವರು ಮದರಾಸಿನಲ್ಲಿ ಎಂ.ಎ. ಮಾಡಿ ಚಿನ್ನದ ಪದಕ ಪಡೆದರು, ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿಯಾದರು, 1983ರ ಜ್ಞಾನಪೀಠವನ್ನೂ ಪಡೆದರು. ಒಂದೇ ಜಿಲ್ಲೆಯ ಈ ಇಬ್ಬರಲ್ಲಿ ಒಬ್ಬರು ಪರೀಕ್ಷೆಯ ದಾರಿಯಲ್ಲಿ ನಡೆದರು, ಇನ್ನೊಬ್ಬರಿಗೆ ಆ ದಾರಿ ಸಿಗಲಿಲ್ಲ. ಓದುವುದನ್ನು ಮಾತ್ರ ಇಬ್ಬರೂ ಕೊನೆಯವರೆಗೆ ಬಿಡಲಿಲ್ಲ.

ನನ್ನ ಪಕ್ಕದಲ್ಲಿ ಮೂರು ವರ್ಷ ಕೂತಿದ್ದ ಗೆಳೆಯ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಫೇಲಾದ. ನನಗಿಂತ ಚೆನ್ನಾಗಿ ಕಗ್ಗ ಹೇಳುತ್ತಿದ್ದವನು ಅವನೇ. ಫಲಿತಾಂಶದ ದಿನ ನಾನು ಅವನ ಮನೆಗೆ ಹೋಗಲಿಲ್ಲ. ಪಾಸಾದ ಖುಷಿಯಲ್ಲಿ ನನಗದು ಹೊಳೆಯಲೇ ಇಲ್ಲ. ಈಗ ಅವನು ಟೊಮೆಟೊ ಬೆಳೆದು ಕೋಲಾರದ ಮಾರುಕಟ್ಟೆಗೆ ಹಾಕುತ್ತಾನೆ, ಎರಡು ಹಸು ಕಟ್ಟಿಕೊಂಡಿದ್ದಾನೆ. ಹೋದ ತಿಂಗಳು ಸಮಾರಂಭಕ್ಕೆ ಕರೆದರೆ, ಅದು ಪಾಸಾದವರ ಕಾರ್ಯಕ್ರಮ, ತನಗೇನು ಕೆಲಸ ಎಂದುಬಿಟ್ಟ. ನನಗೆ ಉತ್ತರ ಹೊಳೆಯಲಿಲ್ಲ.

ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುತ್ತಿರುವ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಪಟ್ಟಿಯನ್ನು ಉತ್ತೀರ್ಣರಾದವರ ವಹಿಯಿಂದ ಮಾಡಬೇಡಿ, ದಾಖಲಾತಿ ವಹಿಯಿಂದ ಮಾಡಿ. ಈ ಶಾಲೆಗೆ ಸೇರಿದವರೆಲ್ಲ ಈ ಶಾಲೆಯವರೇ. ನನ್ನ ಗೆಳೆಯನನ್ನು ಕರೆತರುವ ಹೊಣೆ ನನ್ನದು. ಅಂದಿನ ಪ್ರಾರ್ಥನೆಯಲ್ಲಿ ಕಗ್ಗದ ಪದ್ಯ ಓದಲು ಅವನಿಗೆ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.