ಬೂದಿದಿಬ್ಬದ ಫೂಟ್ ಸಾಹೇಬರು

ಮೊಳಕಾಲ್ಮುರಿನ ಗುಡ್ಡಗಳನ್ನು ಹಿಂದಿಕ್ಕಿ ಉತ್ತರಕ್ಕೆ ನಡೆದರೆ ಬಳ್ಳಾರಿಯ ಸೀಮೆ. ಅಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಹಂಪೆಯ ಬಳಿ ನಿಂಬಾಪುರದಲ್ಲಿರುವುದು ವಾಲಿಯನ್ನು ದಹಿಸಿದ ಬೂದಿಯೆಂದು ಜನರ ನಂಬಿಕೆ. ಉಳಿದೆಡೆ ರಾಕ್ಷಸರ ಹೆಸರು ಹೇಳುತ್ತಾರೆ. ಇದು ರಕ್ಕಸರ ಬೂದಿಯಲ್ಲ, ದನಗಳ ಸಗಣಿ ಉರಿದುಳಿದ ಬೂದಿ ಎಂದು ಬಗೆದು ನೋಡಿ ತಿಳಿಸಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು.

ಅವರು ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸಿಗೆ ಬಂದರು. ಮರುವರ್ಷವೇ ಯುರೋಪಿನಲ್ಲಿ ದೊಡ್ಡ ವಾದವೊಂದು ಇತ್ಯರ್ಥವಾಯಿತು: ಫ್ರಾನ್ಸಿನ ಸೊಮ್ ಕಣಿವೆಯ ಜಲ್ಲಿಯಲ್ಲಿ ಸಿಕ್ಕ ಕಲ್ಲಿನ ಆಯುಧಗಳು, ಅಳಿದುಹೋದ ಮೃಗಗಳ ಕಾಲದ ಮನುಷ್ಯನವೇ ಎಂದು ವಿದ್ವಾಂಸರು ಒಪ್ಪಿದರು. ಈ ಸುದ್ದಿಯನ್ನು ಓದಿದ್ದ ಫೂಟರು ಕಣ್ಣು ತೆರೆದುಕೊಂಡೇ ನಡೆದರು. 1863ರ ಮೇ 30ರಂದು ಪಲ್ಲಾವರದ ಜಲ್ಲಿಗುಂಡಿಯಲ್ಲಿ ಅಂಥದೇ ಒಂದು ಕಲ್ಲು ಕೈಗೆ ಬಂದಿತು. ಭಾರತದಲ್ಲಿ ಹಳೆಯ ಶಿಲಾಯುಗದ ಅಧ್ಯಯನ ಆರಂಭವಾದದ್ದು ಆ ಗುಂಡಿಯಿಂದ.

ಇಲಾಖೆ ಅವರಿಗೆ ಸಂಬಳ ಕೊಟ್ಟದ್ದು ಬಂಡೆಗಳನ್ನು ಅರಿಯಲೆಂದು. ಕಲ್ಲಾಯುಧವನ್ನು ಆಯುವುದು ಅವರ ಸ್ವಂತ ಹುಚ್ಚು. ಸರ್ಕಾರಿ ಕೆಲಸದಲ್ಲಿಯೂ ಕೊರತೆ ಮಾಡಿದವರಲ್ಲ. ಕನ್ನಡ ನಾಡಿನ ಹಳೆಯ ಶಿಲಾಸ್ತರಗಳಿಗೆ ಧಾರವಾಡದ ಹೆಸರನ್ನಿಟ್ಟವರು ಅವರೇ. ಕರ್ನೂಲಿನ ಬಿಲ್ಲಸುರಗಂ ಗುಹೆಗಳಲ್ಲಿ ಮಗನೊಡನೆ ಅಗೆದು ಪುರಾತನ ಪ್ರಾಣಿಗಳ ಎಲುಬುಗಳನ್ನು ತೆಗೆದರು. 1891ರಲ್ಲಿ ನಿವೃತ್ತರಾದರು, 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಮರುವರ್ಷ ಬಳ್ಳಾರಿ ಜಿಲ್ಲೆಯ ಭೂವಿವರಣೆಯ ಗ್ರಂಥ ಪ್ರಕಟವಾಯಿತು.

ಬೂದಿದಿಬ್ಬದ ವಿಚಾರದಲ್ಲಿ ಅವರು ಆಫ್ರಿಕದ ಮುಳ್ಳುಬೇಲಿಯ ದನದ ಕೊಟ್ಟಿಗೆಗಳನ್ನು ನೆನೆದರು. ಅಷ್ಟು ದೂರ ಹೋಗಬೇಕಾಗಿರಲಿಲ್ಲವೆಂದು ನನಗೆ ತೋರುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ತಾಲೂಕುಗಳಲ್ಲಿ ಮ್ಯಾಸಬೇಡರ, ಕಾಡುಗೊಲ್ಲರ ದೇವರ ಎತ್ತುಗಳು ಇಂದಿಗೂ ಕಿಲಾರಿಗಳ ಕಾವಲಿನಲ್ಲಿ ರೊಪ್ಪಗಳಲ್ಲಿ ತಂಗುತ್ತವೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಅಂಥ ರೊಪ್ಪದ ನೆಲವನ್ನು ತುಳಿದವನಿಗೆ ಸಗಣಿಯು ಪದರ ಪದರವಾಗಿ ಬೆಳೆಯುವ ಬಗೆಯನ್ನು ಬಿಡಿಸಿ ಹೇಳಬೇಕಿಲ್ಲ. ನೂರಾರು ವರ್ಷ ಬೆಳೆದ ಆ ರಾಶಿಗೆ ಆಗಾಗ ಬೆಂಕಿ ಬಿದ್ದರೆ ಬೂದಿಯ ಗುಡ್ಡವಾಗುವುದರಲ್ಲಿ ಏನಾಶ್ಚರ್ಯ?

1904ರಲ್ಲಿ ಮದರಾಸು ಸರ್ಕಾರವು ಫೂಟರ ಸಂಗ್ರಹವನ್ನು ಕೊಂಡಿತು. ಎಗ್ಮೂರಿನ ಆ ವಸ್ತುಸಂಗ್ರಹಾಲಯಕ್ಕೆ ನಾನು ಹೋದ ದಿನ ಜನರೆಲ್ಲ ತಿಮಿಂಗಿಲದ ಅಸ್ಥಿಪಂಜರದ ಸುತ್ತ ನೆರೆದಿದ್ದರು. ಕಲ್ಲುಗಳ ಬಳಿ ನಾನೊಬ್ಬನೇ. ನುಣುಪಾಗಿ ಉಜ್ಜಿದ ಕೊಡಲಿಗಳು, ನಮ್ಮ ಕಡೆಯ ಕರಿಗಲ್ಲು. ಊರ ಹೊರಗೆ ಸಿಕ್ಕ ಇಂಥ ಕಲ್ಲನ್ನು ಹಳ್ಳಿಯವರು ಸಿಡಿಲಿನೊಡನೆ ಬಿದ್ದದ್ದೆಂದು ಗುಡಿಯಲ್ಲಿಡುವುದುಂಟು. ಅದನ್ನು ಬಳ್ಳಾರಿಯ ಬೆಟ್ಟಗಳಲ್ಲಿ ಕೂತು ಒಬ್ಬಾತ ಚಕ್ಕೆಯೆಬ್ಬಿಸಿ, ತಿಕ್ಕಿ, ಹಿಡಿ ಹಾಕಿ ಬಳಸಿದ್ದನೆಂದು ತಿಳಿಸಿದ್ದು ಫೂಟರ ದೊಡ್ಡ ಉಪಕಾರ. ಅವರ ಮಿತಿಯೂ ಇಲ್ಲಿಯೇ ಇದೆ. ಅವರು ಹೆಚ್ಚಾಗಿ ನೆಲದ ಮೇಲಿನದನ್ನು ಆಯ್ದರು. ಆದುದರಿಂದ ಯಾವುದು ಎಷ್ಟು ಹಳೆಯದೆಂದು ಖಚಿತವಾಗಿ ಹೇಳಲಾಗಲಿಲ್ಲ.

1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಂಗ್ರಹದ ವಿವರಣೆಯ ಪುಸ್ತಕಗಳು 1914ರಲ್ಲಿ, 1916ರಲ್ಲಿ ಅಚ್ಚಾದವು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನದ ಬಂಡೆಗೆ ಸಮೀಪದಲ್ಲೇ, ಅಗೆತ ಮಾಡಿಸಿದಾಗ ಅಂಥವೇ ಕೊಡಲಿಗಳು ಕಬ್ಬಿಣದ ಕಾಲದ ಪದರದ ಕೆಳಗಿನಿಂದ ಹೊರಬಂದವು. ಬೂದಿಯ ಪ್ರಶ್ನೆಗೆ ಇನ್ನೂ ಸ್ವಲ್ಪ ಕಾಲ ಹಿಡಿಯಿತು: ಆಲ್ಚಿನ್ ಅವರು ಉಟ್ನೂರಿನ ದಿಬ್ಬವನ್ನು ಅಗೆದು, ಬೂದಿಯ ನಡುವೆ ದನಗಳ ಗೊರಸಿನ ಗುರುತನ್ನು ಕಂಡು, 1963ರ ತಮ್ಮ ಗ್ರಂಥದಲ್ಲಿ ಫೂಟರ ಊಹೆಯೇ ಸರಿಯೆಂದು ತೋರಿಸಿದರು.