ಅಂಧರ ಬಾಳಿಗೆ ಆಧಾರವಾದ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳು

ನಂದಿಯ ಬೆಟ್ಟದ ಸುತ್ತಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳ ಭಕ್ತರು ಮಠಕ್ಕೆ ಬಂದು ಗುರುಪಾದಕ್ಕೆರಗಿ ತಮ್ಮ ಬಿನ್ನಹಗಳನ್ನು ಅರಿಕೆಮಾಡಿಕೊಳ್ಳುವುದು ರೂಢಿ. ಮಳೆಬೆಳೆಯ ಮಾತು, ರೇಷ್ಮೆಗೂಡಿನ ಧಾರಣೆಯ ಮಾತು, ಮಕ್ಕಳ ಮದುವೆಯ ಮಾತು ಮೊದಲು ಬರುವುವು. ಎಲ್ಲರೂ ಎದ್ದುಹೋದ ತರುವಾಯ, ಕಂಬದ ಮರೆಯಲ್ಲಿ ನಿಂತಿದ್ದ ತಾಯಿಯೊಬ್ಬಳು ಕಣ್ಣು ಕಾಣದ ಕೂಸನ್ನು ಮುಂದಕ್ಕೆ ಕರೆತಂದು, ತಾನಿರುವ ತನಕ ಹೇಗೋ ಸಾಕುವೆನು, ತನ್ನ ಕಾಲಾನಂತರ ಇದಕ್ಕೆ ಯಾರು ದಿಕ್ಕೆಂದು ಕೇಳುವುದುಂಟು. ಆ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿತ್ತ ಮಹನೀಯರೊಬ್ಬರು ನಮ್ಮ ಸಮಾಜದಲ್ಲಿ ಆಗಿಹೋದರು. ಅವರ ಪುಣ್ಯಚರಿತ್ರೆಯನ್ನು ಈ ಮಹೋತ್ಸವದ ಸ್ಮರಣಸಂಪುಟದಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯು ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಸಣ್ಣ ಗ್ರಾಮ. ಈಗ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿನ ಜಂಗಮ ದಂಪತಿಗಳಾದ ಗುರುಪಾದಯ್ಯ, ನೀಲಮ್ಮ ಎಂಬವರ ಉದರದಲ್ಲಿ 1892ನೆಯ ಇಸವಿ ಫೆಬ್ರವರಿ 2ರಂದು ಜನಿಸಿದ ಶಿಶುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಈ ಶಿಶುವಿಗೆ ದೃಷ್ಟಿಯಿರಲಿಲ್ಲ. ಹಿರಿಯ ಮಗನಾದ ಗುರುಬಸಯ್ಯನೂ ಅಂಧನೇ ಆಗಿದ್ದನು. ಒಂದೇ ಮನೆಯಲ್ಲಿ ಇಬ್ಬರು ಅಂಧ ಬಾಲಕರು, ಮನೆಯೋ ಬಡತನದ್ದು. ಉಣಿಸುವುದು, ಮೀಯಿಸುವುದು, ಬಾವಿಯ ಕಡೆಗೂ ಒಲೆಯ ಕಡೆಗೂ ಹೋಗದಂತೆ ಕಾಯುವುದು, ಇವೆಲ್ಲವೂ ಕಣ್ಣುಳ್ಳ ಮಕ್ಕಳ ತಾಯಿಗೆ ಕೆಲವು ವರ್ಷಗಳ ಕೆಲಸ. ಇಂಥ ತಾಯಿಗೆ ಅದು ಎಡೆಬಿಡದ ವ್ರತ. ಆ ವ್ರತವನ್ನು ಕಂಡು ಮೆಚ್ಚುವವರು ಲೋಕದಲ್ಲಿ ವಿರಳ. ಪೂರ್ವಜನ್ಮದ ಪಾಪವೆಂದು ಬೆರಳು ತೋರಿಸುವವರೇ ಬಹಳ.

ಈ ಸಹೋದರರಿಗೆ ದೈವದತ್ತವಾದ ಕಂಠವಿದ್ದಿತು. ಅವರ ಗಾನವು ಹಾನಗಲ್ಲಿನ ಶ್ರೀ ಕುಮಾರ ಶಿವಯೋಗಿಗಳವರ ಕಿವಿಗೆ ಬಿದ್ದುದು ಅವರ ಬಾಳಿನ ತಿರುವಾಯಿತು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭಾ ತೀರದ ಶಿವಯೋಗ ಮಂದಿರವನ್ನೂ ಸ್ಥಾಪಿಸಿದ ಈ ಮಹಾತ್ಮರು ಬಾಲಕರಿಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಇಲ್ಲಿ ಭಕ್ತರು ಗಮನಿಸತಕ್ಕ ಅಂಶವೊಂದುಂಟು. ಒಂದು ಹೊತ್ತಿನ ಪ್ರಸಾದವನ್ನಿಕ್ಕಿ ಹಣೆಗೆ ವಿಭೂತಿ ಹಚ್ಚಿ ಕಳುಹಿದ್ದರೂ ಲೋಕವು ಅದನ್ನು ದಯೆಯೆಂದೇ ಕರೆಯುತ್ತಿದ್ದಿತು. ಶಿವಯೋಗಿಗಳು ಅಷ್ಟಕ್ಕೆ ತೃಪ್ತರಾಗದೆ ಅವರಿಗೆ ವಿದ್ಯೆಯನ್ನು ಕೊಡಿಸಿದರು. ಅನ್ನವು ಅಂದಿಗೆ ಮುಗಿಯುವುದು. ವಿದ್ಯೆಯು ಕಾಯಕವಾಗಿ ಬಾಳೆಲ್ಲ ಅನ್ನವನ್ನು ಕೊಡುವುದು.

ವಿಧಿಯು ಗುರುಬಸಯ್ಯನಿಗೆ ದೀರ್ಘಾಯುಷ್ಯವನ್ನು ಕೊಡಲಿಲ್ಲ. ಜೊತೆಯಲ್ಲಿ ಹುಟ್ಟಿದ, ಜೊತೆಯಲ್ಲಿ ಹಾಡಿದ, ತನ್ನಂತೆಯೇ ಕತ್ತಲಲ್ಲಿ ನಡೆದ ಅಣ್ಣನನ್ನು ಅಗಲಿದ ದುಃಖವನ್ನು ನುಂಗಿಕೊಂಡು ಗದಿಗೆಯ್ಯನು ಸಾಧನೆಯನ್ನು ಮುಂದುವರಿಸಿದನು. ಮೈಸೂರಿನಲ್ಲಿದ್ದು ಕರ್ನಾಟಕ ಸಂಗೀತವನ್ನು ಕಲಿತು, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದುಸ್ತಾನಿ ಪದ್ಧತಿಯನ್ನು ಅಭ್ಯಾಸಮಾಡಿ, ಉಭಯಗಾನ ವಿಶಾರದನೆಂದು ಪ್ರಖ್ಯಾತನಾದನು. ಗದಿಗೆಯ್ಯನು ಪಂಚಾಕ್ಷರ ಗವಾಯಿಗಳಾದುದು ಇಂತು.

ಇಂಥ ವಿದ್ವತ್ತುಳ್ಳವರು ಧನವನ್ನೂ ಮನ್ನಣೆಯನ್ನೂ ಗಳಿಸಿ ಸುಖವಾಗಿರಬಹುದಾಗಿದ್ದಿತು. ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ಗುರುವಿನ ಆಶೀರ್ವಾದವನ್ನು ಪಡೆದು 1914ರಲ್ಲಿ ಸಂಚಾರ ಸಂಗೀತ ಪಾಠಶಾಲೆಯನ್ನು ಪ್ರಾರಂಭಿಸಿದರು. ಅದಕ್ಕೆ ಗೋಡೆಯಿರಲಿಲ್ಲ, ಛಾವಣಿಯಿರಲಿಲ್ಲ. ಗುರುಶಿಷ್ಯರು ಊರಿಂದೂರಿಗೆ ಸಂಚರಿಸುತ್ತ, ಹಾಡುತ್ತ, ಭಕ್ತರು ನೀಡಿದುದನ್ನು ಪ್ರಸಾದವೆಂದು ಸ್ವೀಕರಿಸುತ್ತ ಪಾಠವನ್ನು ನಡೆಸಿದರು. ಅಂಧರೂ ಅನಾಥರೂ ಬಡವರೂ ಆದ ಬಾಲಕರು ಬಂದು ಸೇರಿದರು. ದೃಷ್ಟಿಯಿಲ್ಲದ ಗುರು ದೃಷ್ಟಿಯಿಲ್ಲದ ಶಿಷ್ಯನಿಗೆ ಹೇಗೆ ಕಲಿಸಬಲ್ಲನೆಂದು ಶಂಕಿಸುವವರುಂಟು. ಸ್ವರವು ಕಿವಿಯಿಂದ ಬರುವುದು. ರಾಗವು ಕಂಠದಿಂದ ಕಂಠಕ್ಕೆ ಹರಿಯುವುದು. ತಬಲದ ಬೋಲುಗಳನ್ನು ಮೊದಲು ಬಾಯಿಯಿಂದ ನುಡಿದು ಬಳಿಕ ಬೆರಳಿಗೆ ಇಳಿಸುವರು. ಈ ವಿದ್ಯೆಗೆ ಬೇಕಾದುದು ನೆನಪು, ನಿಷ್ಠೆ, ತಾಳ್ಮೆಗಳೇ ಹೊರತು ಕಣ್ಣಲ್ಲ. ಶಿಷ್ಯನ ತೊಡಕು ಎಲ್ಲಿದೆಯೆಂಬುದನ್ನು ಅದೇ ತೊಡಕನ್ನು ದಾಟಿಬಂದ ಗುರುವು ಬಲ್ಲಂತೆ ಇತರರು ಬಲ್ಲರೇ?

ಹತ್ತಾರು ಮಕ್ಕಳಿಗೆ ನಿತ್ಯವೂ ಅನ್ನವಸ್ತ್ರಗಳನ್ನು ಒದಗಿಸುವ ಭಾರವು ಸಾಮಾನ್ಯವಾದುದಲ್ಲ. ಅದಕ್ಕಾಗಿ ಗವಾಯಿಗಳು ಕುಮಾರೇಶ್ವರ ಕೃಪಾಪೋಷಿತ ನಾಟಕ ಮಂಡಲಿಯನ್ನು ಕಟ್ಟಿದರು. ರಂಗದಿಂದ ಬಂದ ಹಣವು ಶಿಷ್ಯರ ಅನ್ನಕ್ಕೂ ಪಾಠಕ್ಕೂ ಸಂದಿತು. ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರೆಂಬ ಭಕ್ತರ ಔದಾರ್ಯದಿಂದ ಶಾಶ್ವತವಾದ ನೆಲೆ ದೊರಕಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಅಂಧರೊಡನೆ ಕಣ್ಣುಳ್ಳ ಶಿಷ್ಯರೂ ಕಲಿತರು; ಸುಪ್ರಸಿದ್ಧ ಗಾಯಕರಾದ ಬಸವರಾಜ ರಾಜಗುರುಗಳು ಗವಾಯಿಗಳ ಶಿಷ್ಯರೇ. ಕಣ್ಣುಳ್ಳವರು ಅಂಧನ ಪಾದದ ಬಳಿ ಕುಳಿತು ಕಲಿತರೆಂಬುದು ಲೋಕದ ತಪ್ಪು ತಿಳಿವಳಿಕೆಗೆ ಸಾಕಾದ ಉತ್ತರ.

ಗವಾಯಿಗಳ ಬಳಿಗೆ ಬಂದ ಬಾಲಕರಲ್ಲಿ ಪುಟ್ಟಯ್ಯನೊಬ್ಬನು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವನು. ಸೋದರಮಾವನು ಅವನನ್ನು ಮನೆಯ ಮೂಲೆಯಲ್ಲಿ ಕೂಡಿಸದೆ ಗವಾಯಿಗಳ ಕೈಗೊಪ್ಪಿಸಿದನು. ಗುರುವು ಅವನನ್ನು ಮಗನಂತೆ ಸಾಕಿ, ಸಂಗೀತವನ್ನೂ ಸಾಹಿತ್ಯವನ್ನೂ ಧಾರೆಯೆರೆದರು. 1944ನೆಯ ಇಸವಿ ಜೂನ್ 11ರಂದು ಗವಾಯಿಗಳು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಆಶ್ರಮದ ಭಾರವನ್ನು ಹೊತ್ತವರು ಈ ಶಿಷ್ಯರೇ. ಪುಟ್ಟರಾಜ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದ ಅವರು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ 66 ವರ್ಷಗಳ ಕಾಲ ಆ ದಾಸೋಹವನ್ನು ನಡೆಸಿದರು.

ಭಕ್ತಮಹಾಶಯರೇ, ಕಂಬದ ಮರೆಯ ತಾಯಿಯ ಪ್ರಶ್ನೆಗೆ ಉತ್ತರವು ಈ ಪರಂಪರೆಯಲ್ಲಿಯೇ ಇದೆ. ಶಿವಯೋಗಿಗಳು ಗದಿಗೆಯ್ಯನನ್ನು ಪೊರೆದರು. ಗದಿಗೆಯ್ಯನು ಪುಟ್ಟಯ್ಯನನ್ನು ಪೊರೆದನು. ಪುಟ್ಟಯ್ಯನು ಅಸಂಖ್ಯಾತರನ್ನು ಪೊರೆದನು. ಪೊರೆಯಲ್ಪಟ್ಟವನು ಪೊರೆಯುವವನಾಗುವಂತೆ ಮಾಡುವುದೇ ನಿಜವಾದ ಸೇವೆ. ಅಂಗವೈಕಲ್ಯವುಳ್ಳವನ ಕೈಗೆ ಭಿಕ್ಷೆಯನ್ನು ಹಾಕುವುದು ಸುಲಭ. ಕಾಯಕವನ್ನು ಕೊಡುವುದು ಕಷ್ಟ. ಆದರೆ ಶರಣಧರ್ಮವು ಕಾಯಕ ದಾಸೋಹಗಳೆರಡನ್ನೂ ಎಲ್ಲರಿಗೂ ವಿಧಿಸಿದೆ. ಕಣ್ಣಿಲ್ಲದವನನ್ನು ಅವುಗಳಿಂದ ಹೊರಗಿಟ್ಟಿಲ್ಲ.

ಆದಕಾರಣ ನಮ್ಮ ಸೀಮೆಯ ಯಾವ ಮನೆಯಲ್ಲಿಯೂ ಇಂಥ ಮಗುವನ್ನು ಒಳಕೋಣೆಯಲ್ಲಿ ಮರೆಮಾಡತಕ್ಕುದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಗವಾಯಿಗಳ ಬಾಲ್ಯದಲ್ಲಿ ಗುರುಕೃಪೆಯೊಂದರಿಂದ ದೊರೆತುದು ಈಗ ಹಕ್ಕಾಗಿ ದೊರೆಯತಕ್ಕುದು. ಅದನ್ನು ಕೇಳಿ ಪಡೆಯಲು ತಾಯಿತಂದೆಗಳಿಗೆ ಅಕ್ಷರ ಬಲ್ಲ ನೆರೆಯವರ ನೆರವು ಬೇಕು. ಕಚೇರಿಗೆ ಜೊತೆಯಲ್ಲಿ ನಡೆಯುವವರು ಬೇಕು. ಹಗಲಿರುಳು ಆರೈಕೆಮಾಡಿ ದಣಿದವರಿಗೆ ಒಂದು ದಿನದ ಬಿಡುವನ್ನು ಕೊಡುವ ಬಂಧುಗಳು ಬೇಕು. ಇವು ಲಿಂಗಪೂಜೆಗೆ ಕಡಿಮೆಯಾದ ಸೇವೆಗಳಲ್ಲ. ನೀಲಮ್ಮನವರಂಥ ತಾಯಂದಿರು ನಮ್ಮ ನಡುವೆ ಒಂಟಿಯಾಗದಿರಲಿ. ಗಾನಯೋಗಿಗಳ ಪುಣ್ಯಸ್ಮರಣೆಯು ನಮ್ಮೆಲ್ಲರನ್ನೂ ಈ ಸೇವೆಗೆ ಪ್ರೇರಿಸಲಿ. ಶುಭಮಸ್ತು.